ಹೆಸರು ನೋಡಿ ಜೋಡಿ ಕಟ್ಟುವ ವಿಮರ್ಶೆ

ಅರಂತೋಡಿನಿಂದ ಸುಳ್ಯಕ್ಕೆ ಬಸ್ಸು ಹಿಡಿದು ಪದವಿ ಓದಲು ಹೋಗುವ ಹುಡುಗಿಯೊಬ್ಬಳಿಗೆ ಕನ್ನಡ ತರಗತಿಯಲ್ಲಿ ತೌಲನಿಕ ಲೇಖನವೊಂದನ್ನು ಬರೆದು ತರಲು ಹೇಳಿದರೆಂದು ಭಾವಿಸಿ. ಅವಳಿಗೆ ಸಿಗುವ ವಿಷಯ ಯಾವುದಿರಬಹುದು? ಅವಳ ಹೆಸರು ಫಾತಿಮಾ ಎಂದಾದರೆ ಉತ್ತರ ಊಹಿಸುವುದು ಕಷ್ಟವಲ್ಲ: 'ಸಾರಾ ಅಬೂಬಕ್ಕರ್ ಮತ್ತು ಬಾನು ಮುಷ್ತಾಕ್: ಒಂದು ತೌಲನಿಕ ಅಧ್ಯಯನ'. ಅವಳ ಹೆಸರು ಬೇರೆಯಾಗಿದ್ದರೆ ಕುವೆಂಪು ಮತ್ತು ಕಾರಂತ, ಬೇಂದ್ರೆ ಮತ್ತು ಅಡಿಗ. 2025ರಲ್ಲಿ ಬಾನು ಮುಷ್ತಾಕರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಮೇಲಂತೂ ಮೊದಲನೆಯ ಶೀರ್ಷಿಕೆಗೆ ಇನ್ನಷ್ಟು ಬೇಡಿಕೆ. ಯಾಕೆ ಈ ಇಬ್ಬರನ್ನೇ ಹೋಲಿಸಬೇಕು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಉತ್ತರ ಅಷ್ಟು 'ಸ್ಪಷ್ಟ'ವಾಗಿರುವುದರಿಂದ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. ಇಬ್ಬರೂ ಮುಸ್ಲಿಮರು, ಇಬ್ಬರೂ ಹೆಂಗಸರು, ಸಾಲದೇ?

ಸಾಲದು. ಸಾಹಿತ್ಯದ ಹೋಲಿಕೆಗೆ ಇದು ಕಾರಣವೇ ಅಲ್ಲ. ಇದು ರೇಷನ್ ಕಾರ್ಡಿನ ವಿಂಗಡಣೆ. ಕನ್ನಡದ ಒಂದು ದೊಡ್ಡ ವಿಮರ್ಶಾ ಅಭ್ಯಾಸ ಈ ವಿಂಗಡಣೆಯ ಮೇಲೆ ನಿಂತಿದೆ. ನಮ್ಮ ಕಾಲೇಜುಗಳು, ವಿಚಾರ ಸಂಕಿರಣಗಳು, ವಿಶೇಷಾಂಕಗಳು ಅದನ್ನು ಪ್ರಶ್ನಿಸದೆ ನಡೆಸಿಕೊಂಡು ಬಂದಿವೆ. ಅದರಿಂದ ಆಗುತ್ತಿರುವ ನಷ್ಟ ಅಂಕಪಟ್ಟಿಯದ್ದಲ್ಲ. ಯಾರನ್ನು ಯಾರ ಪಕ್ಕದಲ್ಲಿ ಕೂರಿಸಬಹುದು ಎಂಬುದನ್ನು ನಮ್ಮ ಮಕ್ಕಳು ಕಲಿಯುವುದು ಇಲ್ಲಿಯೇ.

ಒಂದೇ ಬೇಲಿಯ ಒಳಗೆ

ಸಾರಾ ಹುಟ್ಟಿದ್ದು 1936ರಲ್ಲಿ, ಕಾಸರಗೋಡಿನಲ್ಲಿ. ಮನೆಮಾತು ಮಲಯಾಳ. ಬದುಕಿನ ಬಹುಭಾಗ ಮಂಗಳೂರಿನಲ್ಲಿ. 2023ರಲ್ಲಿ ತೀರಿಕೊಂಡರು. ಬಾನು ಹುಟ್ಟಿದ್ದು 1948ರಲ್ಲಿ, ಹಾಸನದಲ್ಲಿ. ಮನೆಮಾತು ದಖನಿ ಉರ್ದು. ಕನ್ನಡ ಕಲಿತದ್ದು ಶಿವಮೊಗ್ಗದ ಮಿಷನ್ ಶಾಲೆಯಲ್ಲಿ. ವೃತ್ತಿಯಲ್ಲಿ ವಕೀಲರು. ಒಬ್ಬರದು ಕರಾವಳಿ, ಇನ್ನೊಬ್ಬರದು ಬಯಲುಸೀಮೆಗೆ ತಾಗಿದ ಮಲೆನಾಡು. ಒಬ್ಬರ ಮುಖ್ಯ ಕೃತಿ ಕಾದಂಬರಿ, ಇನ್ನೊಬ್ಬರ ಶಕ್ತಿ ಸಣ್ಣಕತೆ. ಕರಾವಳಿಯ ಬ್ಯಾರಿ ಮನೆಯ ಅಡುಗೆ, ಮದುವೆ, ಬೈಗುಳ, ಹಾಡು ಯಾವುದೂ ಹಾಸನದ ಮೊಹಲ್ಲಾದ್ದಲ್ಲ. ಇವರಿಬ್ಬರನ್ನು 'ಮುಸ್ಲಿಂ ಸಂವೇದನೆ' ಎಂಬ ಒಂದೇ ಚೀಲಕ್ಕೆ ತುಂಬುವವರು ಈ ವ್ಯತ್ಯಾಸವನ್ನು ಪೀಠಿಕೆಯ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ನಂತರ ತಲಾಖ್, ಬುರ್ಖಾ, ಬಹುಪತ್ನಿತ್ವ ಎಂಬ ಮೂರು ಗೂಟಗಳಿಗೆ ಇಬ್ಬರನ್ನೂ ಕಟ್ಟಿ ಹಾಕುತ್ತಾರೆ.

ವಿಚಿತ್ರವೆಂದರೆ ಇಬ್ಬರನ್ನೂ ನಿಜವಾಗಿ ಜೋಡಿಸುವ ಒಂದು ಸಂಗತಿ ಇದೆ. ಸಾರಾ ಅವರ 'ಚಂದ್ರಗಿರಿಯ ತೀರದಲ್ಲಿ' ಪುಸ್ತಕವಾಗಿ ಬಂದದ್ದು 1984ರಲ್ಲಿ. ಅದಕ್ಕೂ ಮೊದಲು ಅದು ಧಾರಾವಾಹಿಯಾಗಿ ಬಂದದ್ದು ಲಂಕೇಶ್ ಪತ್ರಿಕೆಯಲ್ಲಿ. ಬಾನು ಅದೇ ಪತ್ರಿಕೆಗೆ ವರದಿಗಾರರಾಗಿದ್ದವರು. ಎಂಬತ್ತರ ದಶಕದ ಒಂದು ವಾರಪತ್ರಿಕೆ ಈ ಇಬ್ಬರಿಗೆ ಎಂಥ ಭಾಷೆಯನ್ನು, ಎಂಥ ಓದುಗರನ್ನು ಕೊಟ್ಟಿತು? ವಾರವಾರ ಕಾಯುವ ಓದುಗನಿಗಾಗಿ ಬರೆದ ಕಾದಂಬರಿಯ ನಡೆ ಹೇಗೆ ಬದಲಾಯಿತು? ವರದಿ ಬರೆದ ಕೈ ಕತೆ ಬರೆದಾಗ ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟಿತು? ಇವು ಹೋಲಿಕೆಯ ಪ್ರಶ್ನೆಗಳು. ಸಾರಾ ಮತ್ತು ಬಾನು ಎಂಬ ಜೋಡಿಗೆ ಇಷ್ಟು ಒಳ್ಳೆಯ ಕಾರಣವಿರುವಾಗ ನಾವು ಅವರ ಹೆಸರುಗಳನ್ನು ಕಾರಣವಾಗಿ ಹಿಡಿದುಕೊಂಡದ್ದು ನಮ್ಮ ಸೋಮಾರಿತನವಲ್ಲದೆ ಇನ್ನೇನು?

ದಲಿತ ಲೇಖಕರ ಪಾಡೂ ಇದೇ. ದೇವನೂರ ಮಹಾದೇವರನ್ನು ಸಿದ್ಧಲಿಂಗಯ್ಯನವರ ಜೊತೆ ಇಡುವುದು ಸುಲಭ, ಒಬ್ಬರು ಕತೆಗಾರರು, ಇನ್ನೊಬ್ಬರು ಕವಿ ಎಂಬುದು ಗೌಣ. ಬೊಳುವಾರು ಮಹಮದ್ ಕುಂಞಿಯವರನ್ನು ಫಕೀರ್ ಮುಹಮ್ಮದ್ ಕಟ್ಪಾಡಿಯವರ ಜೊತೆ ಇಡುವುದೂ ಸುಲಭ. ಆದರೆ ಬೊಳುವಾರು ಹುಟ್ಟಿದ್ದು ಪುತ್ತೂರಿನಲ್ಲಿ, ಶಿವರಾಮ ಕಾರಂತರು ದಶಕಗಟ್ಟಲೆ ಇದ್ದುದೂ ಪುತ್ತೂರಿನಲ್ಲಿ. ಒಂದೇ ಪೇಟೆಯ ಸುತ್ತಲಿನ ಬದುಕನ್ನು ಒಬ್ಬರು ಬಾಲವನದಿಂದ ನೋಡಿದರು, ಇನ್ನೊಬ್ಬರು ಬೊಳುವಾರಿನಿಂದ ನೋಡಿ ಮುತ್ತುಪ್ಪಾಡಿ ಎಂಬ ಕಲ್ಪನೆಯ ಊರನ್ನೇ ಕಟ್ಟಿದರು. ಇವರಿಬ್ಬರನ್ನು ಎದುರುಬದುರು ಇಟ್ಟು ಬರೆದ ಲೇಖನಗಳು ಎಷ್ಟಿವೆ? ಕಾರಂತರು 'ಕನ್ನಡ ಕಾದಂಬರಿ'ಯ ಅಧ್ಯಾಯದಲ್ಲಿ, ಬೊಳುವಾರರು 'ಮುಸ್ಲಿಂ ಲೇಖಕರು' ಎಂಬ ಅಧ್ಯಾಯದಲ್ಲಿ. ಒಂದು ಅಧ್ಯಾಯ ಸಾಹಿತ್ಯದ್ದು, ಇನ್ನೊಂದು ಜನಗಣತಿಯದ್ದು.

ಎರಡು ಕಂಬಸಾಲಿನ ಕೋಷ್ಟಕ

ಈ ವಿಂಗಡಣೆಗೆ ತಕ್ಕ ಹಾಗೆ ಒಂದು ಬರೆಯುವ ಕ್ರಮವೂ ಸಿದ್ಧವಾಗಿದೆ. ಮೊದಲು ಲೇಖಕರ ಪರಿಚಯ, ಆಮೇಲೆ ಕೃತಿಗಳ ಸಾರಾಂಶ, ಆಮೇಲೆ 'ಸಾಮ್ಯಗಳು' ಎಂದು ಐದು, 'ವ್ಯತ್ಯಾಸಗಳು' ಎಂದು ಐದು, ಕೊನೆಗೆ 'ಇಬ್ಬರೂ ಕನ್ನಡ ಸಾಹಿತ್ಯಕ್ಕೆ ಅಮೂಲ್ಯ ಕೊಡುಗೆ ನೀಡಿದ್ದಾರೆ' ಎಂಬ ಮಂಗಳ. ಪರೀಕ್ಷೆಯ ಗೈಡುಗಳಿಂದ ಹಿಡಿದು ಪ್ರಬಂಧ ಸ್ಪರ್ಧೆಯ ಬಹುಮಾನಿತ ಬರಹಗಳ ತನಕ ಇದೇ ಅಚ್ಚು. ಇಂಥ ಲೇಖನದಲ್ಲಿ ಒಬ್ಬರ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೂ ಏನೂ ಕೆಡುವುದಿಲ್ಲ. 'ಹೆಣ್ಣಿನ ಶೋಷಣೆಯನ್ನು ಇಬ್ಬರೂ ಖಂಡಿಸಿದ್ದಾರೆ' ಎಂಬ ಮಾತು ಯಾರ ಬಗ್ಗೆ ತಾನೇ ಹೇಳಲಾಗದು? ಅದು ತಪ್ಪಲ್ಲ, ಆದರೆ ಅದರಿಂದ ಯಾವ ಕೃತಿಯೂ ಒಂದಿಂಚು ತೆರೆದುಕೊಳ್ಳುವುದಿಲ್ಲ.

ವಿಷಯ ಒಂದೇ ಎನ್ನುವುದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ನಮ್ಮ ವಿಮರ್ಶಕರಿಗಿಂತ ನ್ಯಾಯಾಲಯಕ್ಕೆ ಚೆನ್ನಾಗಿ ಗೊತ್ತಿದೆ. 2011ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡ 'ಬ್ಯಾರಿ' ಸಿನಿಮಾ ತಮ್ಮ 'ಚಂದ್ರಗಿರಿಯ ತೀರದಲ್ಲಿ'ಯಿಂದ ಅನುಮತಿಯಿಲ್ಲದೆ ತೆಗೆದುಕೊಂಡದ್ದು ಎಂದು ಆಕ್ಷೇಪಿಸಿ ಸಾರಾ ನ್ಯಾಯಾಲಯದ ಮೆಟ್ಟಿಲೇರಿದ್ದು ಕರಾವಳಿಯ ಓದುಗರಿಗೆ ನೆನಪಿರಬಹುದು. ಆ ದಾವೆಯಲ್ಲಿ ಯಾರು ಸರಿ ಯಾರು ತಪ್ಪು ಎಂಬುದು ಇಲ್ಲಿಯ ಚರ್ಚೆಯಲ್ಲ. ಇಂಥ ಪ್ರಕರಣಗಳಲ್ಲಿ ನ್ಯಾಯಾಧೀಶರು ಹೇಗೆ ಹೋಲಿಸಬೇಕೆಂಬುದಕ್ಕೆ ಸುಪ್ರೀಂ ಕೋರ್ಟು 1978ರಲ್ಲಿಯೇ ಆರ್.ಜಿ. ಆನಂದ್ ಪ್ರಕರಣದಲ್ಲಿ ದಾರಿ ಹಾಕಿಕೊಟ್ಟಿದೆ. ಒಂದು ನಾಟಕ ಮತ್ತು ಒಂದು ಸಿನಿಮಾ ನಡುವಿನ ಜಗಳ ಅದು. ವಿಷಯಕ್ಕಾಗಲಿ ಕಲ್ಪನೆಗಾಗಲಿ ಯಾರೂ ಒಡೆಯರಲ್ಲ, ನೋಡಬೇಕಾದದ್ದು ಅದನ್ನು ಹೇಳಿದ ರೀತಿ, ಜೋಡಿಸಿದ ಕ್ರಮ, ಅಭಿವ್ಯಕ್ತಿ ಎಂಬುದು ಅದರ ತಿರುಳು. ವಿಷಯ ಒಂದೇ ಆಗಿದ್ದು ನಿರ್ವಹಣೆ ಬೇರೆಯಾಗಿದ್ದರೆ ಅದು ಹೊಸ ಕೃತಿಯೇ. ನ್ಯಾಯಾಧೀಶರು ದೃಶ್ಯ ದೃಶ್ಯಕ್ಕೆ, ಪಾತ್ರ ಪಾತ್ರಕ್ಕೆ ಇಳಿದು ನೋಡಬೇಕಾಗುತ್ತದೆ. ನಮ್ಮ ಪ್ರಾಧ್ಯಾಪಕರು 'ಇಬ್ಬರ ವಸ್ತುವೂ ತಲಾಖ್' ಎಂದು ಬರೆದು ಹತ್ತು ಅಂಕ ಕೊಡುತ್ತಾರೆ.

ತಕ್ಕಡಿ ಎಂಬ ಮಾತು

ತುಲನೆ ಎಂಬ ಪದ ಬಂದದ್ದು ತುಲಾ ಎಂಬ ಪದದಿಂದ. ತುಲಾ ಎಂದರೆ ತಕ್ಕಡಿ. ಅರಬ್ಬಿಯಲ್ಲಿ ಸಾಹಿತ್ಯದ ಹೋಲಿಕೆಗೆ ಇರುವ ಮಾತು ಮುವಾಝನ, ಅದು ತೂಕ ಎಂಬರ್ಥದ ವಝ್ನ್‌ನಿಂದ ಬಂದದ್ದು. ಎರಡು ದೂರದ ಭಾಷೆಗಳು ಒಂದೇ ಉಪಮೆಯನ್ನು ಹಿಡಿದುಕೊಂಡವು. ಆದರೆ ತಕ್ಕಡಿಯ ನೆನಪಾದೊಡನೆ ನಮಗೆ ಬರುವುದು ಒಂದೇ ಯೋಚನೆ: ಯಾರು ಭಾರ? ಕುವೆಂಪು ದೊಡ್ಡವರೋ ಬೇಂದ್ರೆ ದೊಡ್ಡವರೋ? ಪಂಪನೋ ಕುಮಾರವ್ಯಾಸನೋ?

ಹತ್ತನೆಯ ಶತಮಾನದಲ್ಲಿ ಅಲ್ ಆಮಿದಿ ಎಂಬ ವಿಮರ್ಶಕ ಅಬೂ ತಮ್ಮಾಮ್ ಮತ್ತು ಅಲ್ ಬುಹ್ತುರಿ ಎಂಬ ಇಬ್ಬರು ಕವಿಗಳ ಮೇಲೆ 'ಅಲ್ ಮುವಾಝನ' ಎಂಬ ದೊಡ್ಡ ಗ್ರಂಥವನ್ನೇ ಬರೆದ. ಆ ಕಾಲದ ಅರಬ್ಬಿ ಓದುಗರು ಈ ಇಬ್ಬರ ಹೆಸರಿನಲ್ಲಿ ಎರಡು ಪಕ್ಷಗಳಾಗಿ ಕಚ್ಚಾಡುತ್ತಿದ್ದರು. ಆಮಿದಿ ಹಿಡಿದ ದಾರಿ ನೋಡಿ. ಒಟ್ಟಾರೆ ಯಾರು ಮೇಲು ಎಂದು ತಾನು ಹೇಳುವುದಿಲ್ಲ. ಛಂದಸ್ಸು, ಪ್ರಾಸ, ಅರ್ಥಗಳಲ್ಲಿ ಹೊಂದಿಕೆಯಾಗುವ ರಚನೆಗಳನ್ನು ಎದುರುಬದುರು ಇಟ್ಟು, ಆ ಒಂದು ಜಾಗದಲ್ಲಿ ಯಾರು ಏನು ಸಾಧಿಸಿದರೆಂದು ನೋಡುವುದು, ಒಟ್ಟು ತೀರ್ಮಾನ ಓದುಗನಿಗೆ ಬಿಟ್ಟದ್ದು. ಆತನ ಒಲವು ಬುಹ್ತುರಿಯ ಕಡೆಗಿತ್ತೆಂದು ನಂತರದವರು ದೂರಿದ್ದುಂಟು. ಇರಲಿ, ವಿಧಾನ ಮಾತ್ರ ಸಾವಿರ ವರ್ಷದ ನಂತರವೂ ಹಳತಾಗಿಲ್ಲ. ಉರ್ದುವಿನಲ್ಲಿ ಶಿಬ್ಲಿ ನೋಮಾನಿ 1907ರಲ್ಲಿ ಅನೀಸ್ ಮತ್ತು ದಬೀರ್ ಎಂಬ ಇಬ್ಬರು ಮರ್ಸಿಯಾ ಕವಿಗಳ ಮುವಾಝನ ಬರೆದಾಗ ಅನೀಸನ ಪರ ನಿಂತದ್ದು ಎಷ್ಟು ಢಾಳಾಗಿತ್ತೆಂದರೆ ದಬೀರನ ಪಕ್ಷದಿಂದ ಉತ್ತರ ಗ್ರಂಥಗಳೇ ಹೊರಬಂದವು. ಒಂದೇ ತಕ್ಕಡಿ, ಎರಡು ಬಗೆಯ ಉಪಯೋಗ. ಆದರೆ ಈ ಎರಡೂ ಕಡೆ ಒಂದು ಎಚ್ಚರವಿತ್ತು: ಹೋಲಿಸಿದ ಇಬ್ಬರೂ ಒಂದೇ ಬಗೆಯ ಕಾವ್ಯ ಬರೆದವರು, ಒಂದೇ ಸವಾಲನ್ನು ಎದುರಿಸಿದವರು. ಪಂಪನ ಕರ್ಣ ಮತ್ತು ಕುಮಾರವ್ಯಾಸನ ಕರ್ಣ ಎಂಬ ನಮ್ಮ ಹಳೆಯ ಹೋಲಿಕೆ ಇಂದಿಗೂ ಫಲ ಕೊಡುವುದು ಇದೇ ಕಾರಣಕ್ಕೆ. ಕತೆ ಒಂದೇ ಆಗಿರುವುದರಿಂದ ಕವಿ ಎಲ್ಲಿ ಹೊರಳಿದ ಎಂಬುದು ಕಣ್ಣಿಗೆ ಹೊಡೆಯುತ್ತದೆ.

ನಮ್ಮ ಕಡೆಯ ಅಡಿಕೆ ವ್ಯಾಪಾರಿಯನ್ನು ನೋಡಿ. ಗೋಣಿ ಬಿಚ್ಚಿದಾಗ ಇದು ಯಾರ ತೋಟದ್ದು, ಗೌಡರದ್ದೋ ಭಟ್ಟರದ್ದೋ ಬ್ಯಾರಿಗಳದ್ದೋ ಎಂದು ಕೇಳಿ ಆತ ದರ ಕಟ್ಟುವುದಿಲ್ಲ. ಕೈಗೆ ಬಂದ ನಾಲ್ಕು ಅಡಿಕೆ ಕತ್ತರಿಸಿ ಒಳಗು ನೋಡುತ್ತಾನೆ. ಕತ್ತರಿಸದೆ ದರ ಹೇಳುವವನನ್ನು ಸುಳ್ಯದ ಪೇಟೆಯಲ್ಲಿ ಯಾರೂ ನಂಬುವುದಿಲ್ಲ. ಸಾಹಿತ್ಯದ ಪೇಟೆಯಲ್ಲಿ ಮಾತ್ರ ಅಂಥವನಿಗೆ ಅಧ್ಯಕ್ಷ ಪೀಠ.

ಹಾಗಾದರೆ ಹೇಗೆ ಬರೆಯಬೇಕು?

ಟೀಕಿಸುವುದು ಸುಲಭ, ದಾರಿ ಹೇಳಿ ಎಂದು ಓದುಗರು ಕೇಳಬಹುದು. ನ್ಯಾಯವಾದ ಮಾತು. ನನ್ನ ಮಟ್ಟಿಗೆ ಹೋಲಿಕೆ ಎಂದರೆ ಇಷ್ಟೇ: ಒಂದು ಪ್ರಶ್ನೆಯನ್ನು ಎರಡು ಕೃತಿಗಳಿಗೆ ಕೇಳುವುದು, ಆಮೇಲೆ ಒಂದು ಕೃತಿಯ ಉತ್ತರವನ್ನು ಇನ್ನೊಂದಕ್ಕೆ ಪ್ರಶ್ನೆಯಾಗಿ ಒಡ್ಡುವುದು. ಅರಂತೋಡಿನ ಆ ವಿದ್ಯಾರ್ಥಿನಿ ದೂರ ಹೋಗಬೇಕಾಗಿಯೇ ಇಲ್ಲ. ಅವಳ ಸುತ್ತಮುತ್ತಲಿನ ನೆಲದಿಂದಲೇ ಎದ್ದ ಪುಸ್ತಕಗಳಿವೆ.

ಮೊದಲು ನೆಲದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಕಾರಂತರ 'ಚೋಮನ ದುಡಿ' 1933ರದ್ದು, 'ಬೆಟ್ಟದ ಜೀವ' 1943ರದ್ದು. ಮೊದಲನೆಯದರಲ್ಲಿ ಅಸ್ಪೃಶ್ಯನೆನಿಸಿದ ಚೋಮನಿಗೆ ಎತ್ತುಗಳಿವೆ, ಉಳುವ ಆಸೆಯಿದೆ, ನೆಲ ಮಾತ್ರ ಇಲ್ಲ. ಅವನ ಜಾತಿಗೆ ಬೇಸಾಯ ಸಲ್ಲದೆಂಬುದು ಊರ ಕಟ್ಟಳೆ. ಎರಡನೆಯದರಲ್ಲಿ ಸುಬ್ರಹ್ಮಣ್ಯದ ಸುತ್ತಲಿನ ಕಾಡಿನೊಳಗೆ ಗೋಪಾಲಯ್ಯ ಎಂಬ ವೃದ್ಧರು ಗದ್ದೆ ತೋಟ ಎಬ್ಬಿಸಿದ್ದಾರೆ, ನೆಲವಿದೆ, ಮನೆ ಬಿಟ್ಟು ಹೋದ ಮಗ ಶಂಭು ಮಾತ್ರ ಇಲ್ಲ. ಒಬ್ಬನೇ ಲೇಖಕ, ಹತ್ತು ವರ್ಷಗಳ ಅಂತರ, ಒಂದೇ ಪ್ರಶ್ನೆ: ನೆಲವನ್ನು ಕೇಳುವ ಹಕ್ಕು ಯಾರಿಗೆ? ಈಗ ಚೋಮನನ್ನು ಗೋಪಾಲಯ್ಯನವರ ಅಂಗಳಕ್ಕೆ ಕರೆತನ್ನಿ. ಕಾಡಿನ ಜೊತೆ ಹೋರಾಡಿದ ಧೀರನ ಕತೆಯೆಂದು ನಾವು ಓದುವ ಆ ಕಾದಂಬರಿಗೆ ಚೋಮ ಒಂದು ಪ್ರಶ್ನೆ ಕೇಳುತ್ತಾನೆ: ನಿಮಗೆ ಅಡ್ಡ ಬಂದದ್ದು ಕಾಡು ಮಾತ್ರ, ನನಗೆ ಅಡ್ಡ ಬಂದದ್ದು ಊರು, ಕಾಡನ್ನು ಕಡಿಯಬಹುದು, ಊರನ್ನು? ಗೋಪಾಲಯ್ಯನವರೂ ಚೋಮನಿಗೆ ತಿರುಗಿ ಕೇಳಬಲ್ಲರು: ನೆಲವೊಂದು ಸಿಕ್ಕಿದ್ದರೆ ನಿನ್ನ ಮನೆ ತುಂಬಿರುತ್ತಿತ್ತೇ? ನನ್ನದು ನೋಡು. ಈ ಎರಡು ಪ್ರಶ್ನೆಗಳು ಯಾವ ಒಂದು ಪುಸ್ತಕವನ್ನು ಓದಿದರೂ ಹುಟ್ಟುವುದಿಲ್ಲ. ಎರಡರ ನಡುವಿನ ಜಾಗದಲ್ಲಿ ಹುಟ್ಟುತ್ತವೆ.

ಈಗ ಮೂರನೆಯ ಪುಸ್ತಕ ತನ್ನಿ. ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರು 1955ರಲ್ಲಿ 'ಚಿರಸ್ಮರಣೆ' ಬರೆದರು. 1941ರ ಕಯ್ಯೂರು ರೈತ ಹೋರಾಟದ ಕಾದಂಬರಿ ಅದು. ಚೋಮನ ಊರೂ ಕಯ್ಯೂರೂ ಆಗ ಮದರಾಸು ಪ್ರಾಂತದ ಒಂದೇ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದವು. ಕಯ್ಯೂರಿನವರು ಕೂಡಿ ನಿಂತರು, ಚೋಮ ಬಾಗಿಲು ಹಾಕಿಕೊಂಡು ಒಬ್ಬನೇ ದುಡಿ ಬಾರಿಸಿದ. ಯಾಕೆ? ಕಯ್ಯೂರಿನವರಿಗೆ ರೈತ ಸಂಘವಿತ್ತು ಎಂಬುದು ಅರ್ಧ ಉತ್ತರ. ಅವರಲ್ಲಿ ಹೆಚ್ಚಿನವರು ಗೇಣಿಯಾಗಿಯಾದರೂ ನೆಲ ಹಿಡಿದವರಾಗಿದ್ದರು, ಚೋಮನಿಗೆ ಅದೂ ಇರಲಿಲ್ಲ ಎಂಬುದು ಇನ್ನರ್ಧ. ಈ ವ್ಯತ್ಯಾಸ ಪುಸ್ತಕದ ಹೊರಗೂ ಬದುಕಿದೆ. 1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯ ಎಂದು ಗೇಣಿದಾರರು ಡಿಕ್ಲರೇಶನ್ ಕೊಟ್ಟು ನಮ್ಮ ಜಿಲ್ಲೆಯಲ್ಲಿ ಭೂಮಿ ಪಡೆದರು. ಗೇಣಿ ಚೀಟಿಯೇ ಇಲ್ಲದ ಕೂಲಿಯಾಳು ಯಾವ ಡಿಕ್ಲರೇಶನ್ ಕೊಡಬೇಕಿತ್ತು? ತನ್ನ ಅಜ್ಜನಿಗೆ ಜಾಗ ಸಿಕ್ಕಿತು, ಪಕ್ಕದ ಕಾಲನಿಯ ಗೆಳತಿಯ ಅಜ್ಜನಿಗೆ ಸಿಗಲಿಲ್ಲ ಎಂಬುದಕ್ಕೆ ಒಂದು ಕಾರಣ ಆ ವಿದ್ಯಾರ್ಥಿನಿಗೆ ಎರಡು ಕಾದಂಬರಿಗಳ ಹೋಲಿಕೆಯಲ್ಲಿ ಸಿಗಬಲ್ಲದು.

ಇನ್ನೊಂದು ಮಾತು. ಕಯ್ಯೂರು ಪ್ರಕರಣದಲ್ಲಿ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನೇಣಿಗೇರಿದ ನಾಲ್ವರು ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್ ಮತ್ತು ಪಳ್ಳಿಕ್ಕಲ್ ಅಬೂಬಕ್ಕರ್. ಅಬೂಬಕ್ಕರ್ ಅಲ್ಲಿ ರೈತ. ಉಳಿದ ಮೂವರ ಪಕ್ಕದಲ್ಲಿ ಹಗ್ಗದ ಮುಂದೆ ನಿಲ್ಲಲು ಅವನಿಗೆ ಪ್ರತ್ಯೇಕ ಅಧ್ಯಾಯ ಬೇಕಾಗಲಿಲ್ಲ. ಪಠ್ಯಪುಸ್ತಕದ ಪಕ್ಕದಲ್ಲಿ ಕೂರಲು ಮಾತ್ರ ಯಾಕೆ ಬೇಕು?

ಮಸೀದಿಯ ಅಂಗಳ, ಮಸೀದಿಯ ಕೆರೆ

ಸಾರಾ ಮತ್ತು ಬಾನು ಅವರನ್ನು ಹೋಲಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಪ್ರಶ್ನೆಯೊಂದನ್ನು ಹಿಡಿದು ಹೋಲಿಸಿ ಎನ್ನುತ್ತಿದ್ದೇನೆ. ಉದಾಹರಣೆಗೆ, ನ್ಯಾಯ ಬೇಕಾದ ಹೆಣ್ಣು ಎಲ್ಲಿಗೆ ಹೋಗುತ್ತಾಳೆ? 'ಚಂದ್ರಗಿರಿಯ ತೀರದಲ್ಲಿ'ಯ ನಾದಿರಾ ತಂದೆಯ ಹಟಕ್ಕೆ ಗಂಡ ರಶೀದನಿಂದ ಬೇರಾಗುತ್ತಾಳೆ. ಮತ್ತೆ ಅವನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ಕಟ್ಟಳೆಗೆ ಸಿಕ್ಕಿಬೀಳುತ್ತಾಳೆ. ಕೊನೆಗೆ ಮಸೀದಿಯ ಕೆರೆಯ ಪಾಲಾಗುತ್ತಾಳೆ. ಬಾನು ಅವರ 'ಕರಿನಾಗರಗಳು' ಕತೆಯಲ್ಲಿ (ಗಿರೀಶ್ ಕಾಸರವಳ್ಳಿಯವರ 2004ರ 'ಹಸೀನಾ' ಚಿತ್ರಕ್ಕೆ ಮೂಲವಾದದ್ದು ಇದೇ ಕತೆ) ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ, ಮುತವಲ್ಲಿ ನ್ಯಾಯ ಹೇಳುವನೆಂದು ಕಾಯುತ್ತಾಳೆ. ನ್ಯಾಯ ಸಿಗುವುದಿಲ್ಲ, ಮಗುವೇ ಹೋಗುತ್ತದೆ. ಆದರೆ ಕತೆ ಅಲ್ಲಿ ನಿಲ್ಲುವುದಿಲ್ಲ. ಊರಿನ ಹೆಂಗಸರು ಬಾಯಿ ತೆರೆದು ಮುತವಲ್ಲಿಗೆ ಶಾಪ ಹಾಕುತ್ತಾರೆ.

ಎರಡೂ ಕಡೆ ಮಸೀದಿಯಿದೆ. ನಾದಿರಾಗೆ ಸಿಕ್ಕಿದ್ದು ಅದರ ನೀರು. ಇವಳು ಹಿಡಿದು ಕೂತದ್ದು ಅದರ ಅಂಗಳ. ನಾದಿರಾ ಒಬ್ಬಂಟಿ, ಅವಳ ಸಾವು ಓದುಗನ ಎದೆಯಲ್ಲಿ ಉಳಿಯುತ್ತದೆ, ಊರಿನ ಬಾಯಿಗೆ ಬರುವುದಿಲ್ಲ. ಬಾನು ಅವರ ಕತೆಯಲ್ಲಿ ಹೆಂಗಸರ ಒಂದು ಗುಂಪು, ಒಂದು ಮೇಳವೇ ಇದೆ. ಇದು ಧಾರಾವಾಹಿ ಕಾದಂಬರಿಗೂ ಸಣ್ಣಕತೆಗೂ ಇರುವ ವ್ಯತ್ಯಾಸವೇ, ಒಂಟಿ ಮನೆಗಳ ನದಿತೀರಕ್ಕೂ ಗೋಡೆಗೆ ಗೋಡೆ ತಾಗಿದ ಮೊಹಲ್ಲಾಕ್ಕೂ ಇರುವ ವ್ಯತ್ಯಾಸವೇ, ಅಥವಾ ಹೋರಾಟಗಳಲ್ಲಿ ಓಡಾಡಿದ ವಕೀಲೆಯ ಕಣ್ಣಿನದೇ? ಉತ್ತರ ಯಾವುದೇ ಇರಲಿ, ಅದಕ್ಕಾಗಿ ಕೃತಿಗೆ ಮರಳಿ ಹೋಗಬೇಕಾಗುತ್ತದೆ. ಒಳ್ಳೆಯ ಹೋಲಿಕೆ ಗುರುತಿಸುವುದು ಹೀಗೆಯೇ. ಅದು ಓದಿದ್ದನ್ನು ಮತ್ತೆ ಓದಿಸುತ್ತದೆ.

ಬೇಲಿ ದಾಟಿ ಇನ್ನೊಂದು ಹೆಜ್ಜೆ ಇಡಿ. ನಾದಿರಾಳನ್ನು ಚೋಮನ ಪಕ್ಕದಲ್ಲಿ ನಿಲ್ಲಿಸಿ. ನೆಲ ಸಿಗುತ್ತದೆಂದು ಮತಾಂತರಕ್ಕೆ ಹೊರಟ ಚೋಮ ತನ್ನ ದೈವದ ನೆನಪಿಗೆ ಸೋತು ಹಿಂತಿರುಗುತ್ತಾನೆ. ಅವನ ಮಗನೊಬ್ಬ ಹೊಳೆಯಲ್ಲಿ ಮುಳುಗುವಾಗ ಮುಟ್ಟಲಾಗದವನೆಂದು ಯಾರೂ ಕೈ ಕೊಡುವುದಿಲ್ಲ. ನಾದಿರಾಳೂ ತನ್ನ ನಂಬಿಕೆಯನ್ನು ಬಿಟ್ಟವಳಲ್ಲ. ಇಬ್ಬರೂ ನಂಬಿಕೆ ಕಳೆದುಕೊಂಡು ಸೋತವರಲ್ಲ, ನಂಬಿಕೆಯ ಹೆಸರಿನಲ್ಲಿ ಕಟ್ಟಳೆ ಹಿಡಿದು ಕೂತವರಿಂದ ಸೋತವರು. ಇಲ್ಲಿ ಲೇಖಕರ ಗುರುತು ಮುಖ್ಯವಾಗುತ್ತದೆ: ಕಾರಂತರು ಚೋಮನನ್ನು ಹೊರಗಿನಿಂದ ನೋಡಿದವರು, ಸಾರಾ ನಾದಿರಾಳ ಮನೆಯೊಳಗಿನಿಂದ ಬರೆದವರು. ಹೊರಗಿನ ಕಣ್ಣಿಗೆ ಏನು ಕಾಣಲಿಲ್ಲ, ಒಳಗಿನವರು ಏನನ್ನು ಹೇಳದೆ ಬಿಟ್ಟರು? ಜಾತಿ, ಧರ್ಮ, ಲಿಂಗ ಎಲ್ಲವೂ ಹೋಲಿಕೆಯೊಳಗೆ ಬರಲೇಬೇಕು. ಆದರೆ ಅವು ನೋಡುವ ಕನ್ನಡಕವಾಗಿ ಬರಬೇಕು, ಒಳಗೆ ಬಿಡುವ ಟಿಕೇಟಾಗಿ ಅಲ್ಲ.

ಒಂದು ಆಕ್ಷೇಪ, ಎರಡು ಉತ್ತರ

'ಮುಸ್ಲಿಂ ಸಂವೇದನೆ' ಎಂಬ ಮಾತು ಹೋರಾಡಿ ಗಳಿಸಿದ್ದು, ಅದನ್ನು ಹೀಗೆ ತಳ್ಳಿಬಿಡುವುದೇ ಎಂದು ಕೇಳುವವರಿದ್ದಾರೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಹೊತ್ತಿನಲ್ಲಿ ಮುಸ್ಲಿಂ ಲೇಖಕರು ತಮ್ಮ ಮನೆಯ ಭಾಷೆಯಲ್ಲಿ, ತಮ್ಮ ಬದುಕಿನ ಕತೆ ಹೇಳಲು ಈ ಗುರುತು ಬಾಗಿಲಾಯಿತು ಎಂಬುದು ನಿಜ. ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಬಾಗಿಲು ಇರುವುದು ಒಳಗೆ ಬರುವುದಕ್ಕೆ. ನಲವತ್ತು ವರ್ಷಗಳ ನಂತರವೂ ಅತಿಥಿಯನ್ನು ಹೊಸ್ತಿಲ ಬಳಿಯೇ ಕೂರಿಸಿ 'ನಿಮಗಾಗಿಯೇ ಇಟ್ಟ ಜಾಗ' ಎಂದರೆ ಅದು ಗೌರವವಲ್ಲ.

ಎರಡನೆಯ ಉತ್ತರ ನಮ್ಮವರಿಗೇ. ಸಾರಾ ಅವರ ಕಾದಂಬರಿ ಕೈಗೆ ಬಂದಾಗ ನಮ್ಮಲ್ಲಿ ಬಹಳ ಮಂದಿ ಅದನ್ನು ಹೋಲಿಸಿದ್ದು ಇನ್ನೊಂದು ಕಾದಂಬರಿಯ ಜೊತೆಗಲ್ಲ, ಧರ್ಮಶಾಸ್ತ್ರದ ಜೊತೆ. ನಿಯಮ ಸರಿಯಾಗಿ ಹೇಳಿದ್ದಾರೆಯೇ, ಸಮುದಾಯದ ಮಾನ ಹೋಯಿತೇ ಎಂಬಲ್ಲಿಗೆ ಓದು ಮುಗಿಯಿತು. ಇನ್ನೊಂದು ಕಡೆಯವರು ಅದೇ ಪುಸ್ತಕದಲ್ಲಿ 'ಮುಸ್ಲಿಮರ ಒಳಗಿನ ಸತ್ಯ' ಸಿಕ್ಕಿತೆಂದು ಚಪ್ಪಾಳೆ ತಟ್ಟಿದರು. ಒಬ್ಬರು ಅದನ್ನು ಫತ್ವಾದಂತೆ ಓದಿದರು, ಇನ್ನೊಬ್ಬರು ಪೊಲೀಸ್ ವರದಿಯಂತೆ. ಕಾದಂಬರಿಯಾಗಿ ಓದಿದವರು ಎಷ್ಟು ಮಂದಿ? ಚೋಮನನ್ನು ಓದಿ ಯಾರೂ ಇಡೀ ಹಿಂದೂ ಸಮಾಜಕ್ಕೆ ಸರ್ಟಿಫಿಕೇಟು ಬರೆಯುವುದಿಲ್ಲ. ನಾದಿರಾಳಿಗೆ ಆ ರಿಯಾಯಿತಿ ಸಿಗ್ಗದ್ದಕ್ಕೆ ಎರಡೂ ಕಡೆಯವರು ಹೊಣೆ.

ಬರೆಯುವವರಿಗೆ, ಬರೆಸುವವರಿಗೆ

ವಿದ್ಯಾರ್ಥಿಗಳಿಗೆ ಕೆಲವು ಮಾತು. ಲೇಖನ ಶುರುಮಾಡುವ ಮುನ್ನ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ, ಅದರಲ್ಲಿ ಲೇಖಕರ ಹೆಸರು ಇರಕೂಡದು. ಎರಡು ಕೃತಿಗಳಿಂದ ಆ ಪ್ರಶ್ನೆಗೆ ತಾಗುವ ಎರಡೆರಡು ದೃಶ್ಯಗಳನ್ನು ಆರಿಸಿ, ಇಡೀ ಕತೆ ಹೇಳುತ್ತ ಕೂರಬೇಡಿ. ಮೊದಲ ಅರ್ಧ ಒಂದು ಕೃತಿ, ಉಳಿದರ್ಧ ಇನ್ನೊಂದು ಕೃತಿ ಎಂದು ಬರೆದರೆ ಅದು ಎರಡು ಲೇಖನಗಳಾಗುತ್ತದೆಯೇ ಹೊರತು ಹೋಲಿಕೆಯಾಗುವುದಿಲ್ಲ. ದೃಶ್ಯಕ್ಕೆ ದೃಶ್ಯ ಎದುರಿಟ್ಟು ಹೋಗಿ. ಸಾಮ್ಯ ಹೇಳಿದ ಕಡೆಯೆಲ್ಲ, ಆ ಸಾಮ್ಯದ ಒಳಗೇ ಇರುವ ಬಿರುಕನ್ನು ಹುಡುಕಿ, ಹೇಳಬೇಕಾದದ್ದು ಅಲ್ಲೇ ಇರುತ್ತದೆ. ಕೃತಿ ಬಂದ ವರ್ಷ, ಪ್ರಕಾರ, ಮೊದಲು ಪ್ರಕಟವಾದ ಜಾಗ ಇವನ್ನು ಪೀಠಿಕೆಯಲ್ಲಿ ಸುರಿಯದೆ ವಾದಕ್ಕೆ ಬೇಕಾದಲ್ಲಿ ತನ್ನಿ. ಕೊನೆಯಲ್ಲಿ ಯಾರು ದೊಡ್ಡವರೆಂದು ಹೇಳಬೇಡಿ. ಎರಡನ್ನೂ ಒಟ್ಟಿಗೆ ಓದಿದ್ದರಿಂದ ಮಾತ್ರ ಗೊತ್ತಾದದ್ದು ಏನು ಎಂದು ಹೇಳಿ. ಬರೆದು ಮುಗಿಸಿದ ಮೇಲೆ ಲೇಖಕರ ಹೆಸರುಗಳನ್ನು ಬೆರಳಿನಿಂದ ಮುಚ್ಚಿ ಓದಿ. ಆಗಲೂ ಲೇಖನ ನಿಂತರೆ ಅದು ಹೋಲಿಕೆ, ಕುಸಿದರೆ ಅದು ಹಾಜರಿ ಪಟ್ಟಿ.

ಅಧ್ಯಾಪಕರಲ್ಲಿ, ಸ್ಪರ್ಧೆ ನಡೆಸುವವರಲ್ಲಿ, ವಿಶೇಷಾಂಕ ತರುವ ಸಂಪಾದಕರಲ್ಲಿ ಕೇಳುವುದು ಇನ್ನೂ ಕಡಿಮೆ: ವಿಷಯ ಕೊಡುವಾಗ ಹೆಸರುಗಳ ಜೋಡಿ ಕೊಡುವುದನ್ನು ನಿಲ್ಲಿಸಿ, ಪ್ರಶ್ನೆ ಕೊಡಿ. ಅರಂತೋಡಿನಂಥ ಊರಲ್ಲಿ ಮಗುವೊಂದು ಅರೆಭಾಷೆ, ತುಳು, ಬ್ಯಾರಿ, ಮಲಯಾಳ, ಕನ್ನಡ ಕೇಳುತ್ತ ಬೆಳೆಯುತ್ತದೆ. ಒಂದು ಮಾತನ್ನು ಇನ್ನೊಂದರ ಜೊತೆ ಹೋಲಿಸದೆ ಅದಕ್ಕೆ ಅಂಗಡಿಯಿಂದ ಸಾಮಾನು ತರುವುದೂ ಆಗದು. ಊರಿನ ಪಕ್ಕ ಹರಿಯುವ ಪಯಸ್ವಿನಿ ಗಡಿ ದಾಟಿ ಕಾಸರಗೋಡಿನಲ್ಲಿ ಸೇರುವುದು ಸಾರಾ ಅವರ ಚಂದ್ರಗಿರಿಯನ್ನೇ. ಇಂಥ ಕಡೆ ಬೆಳೆದ ಮಕ್ಕಳಿಗೆ ಹೋಲಿಸುವುದನ್ನು ಕಲಿಸಬೇಕಾಗಿಲ್ಲ. ಯಾರನ್ನು ಯಾರ ಜೊತೆ ಹೋಲಿಸಬಾರದೆಂದು ನಾವು ಕಲಿಸಿದ್ದನ್ನು ಮರೆಸಿದರೆ ಸಾಕು. ಮುಂದಿನ ವರ್ಷ ಫಾತಿಮಾ ಗೋಪಾಲಯ್ಯನವರ ಬಗ್ಗೆ ಬರೆಯಲಿ, ಅವಳ ಪಕ್ಕದ ಬೆಂಚಿನ ಗೌಡರ ಹುಡುಗ ನಾದಿರಾಳ ಬಗ್ಗೆ ಬರೆಯಲಿ. ತಪ್ಪು ಬರೆದರೂ ಪರವಾಗಿಲ್ಲ, ತಿದ್ದಬಹುದು. ಬರೆಯಲು ಬಿಡದೇ ಇರುವ ತಪ್ಪನ್ನು ತಿದ್ದಲಾಗದು.